ಬಾಗಿದ ಕಾಲು, ಸವೆದ ಮಂಡಿ: ಮೂಳೆ ಕೊಯ್ದು ನೆಟ್ಟಗೆ ಮಾಡಿಸಿಕೊಂಡವರು ಯಾರಾದರೂ ಇದ್ದೀರಾ?

ತೋಟದಮನೆ

ವಯಸ್ಸು 49, ತೂಕ 74 ಕೆಜಿ, ಎತ್ತರ ಐದೂವರೆ ಅಡಿ. ತೀರ್ಥಹಳ್ಳಿ ಹತ್ತಿರ ಅಡಿಕೆ ತೋಟ. ಬಲಮಂಡಿಯ ಒಳಮಗ್ಗುಲು ನೋವು ಶುರುವಾಗಿ ನಾಲ್ಕು ವರ್ಷ ಆಯಿತು. ಗುಡ್ಡ ಹತ್ತುವಾಗ ಪರವಾಗಿಲ್ಲ, ತೋಟಕ್ಕೆ ಇಳಿಯುವಾಗ ಜೀವ ಹೋಗುತ್ತದೆ. ಪಾದ ಜೋಡಿಸಿ ನಿಂತರೆ ಎರಡು ಮಂಡಿಯ ನಡುವೆ ಮೂರು ಬೆರಳು ತೂರುತ್ತವೆ. ಹೈಸ್ಕೂಲಿನ ಕಬಡ್ಡಿ ಟೀಮಿನ ಫೋಟೊ ಹುಡುಕಿ ನೋಡಿದೆ. ಚಡ್ಡಿಯಲ್ಲಿ ನಿಂತಿದ್ದೇನೆ, ಆಗಲೂ ಕಾಲು ಹಾಗೇ ಇತ್ತು.

ಮೂರು ಕಡೆ ತೋರಿಸಿದೆ, ಮೂರು ಮಾತು ಸಿಕ್ಕಿತು. ಶಿವಮೊಗ್ಗದವರು 'ಎಚ್‌ಟಿಒ ಮಾಡೋಣ, ಮಂಡಿಯ ಕೆಳಗೆ ಮೂಳೆ ಕೊಯ್ದು, ಕಾಲು ನೆಟ್ಟಗೆ ಮಾಡಿ ಪ್ಲೇಟು ಹಾಕೋಣ' ಅಂದರು. ಮಂಗಳೂರಿನವರು 'ಸುಮ್ನೆ ಎರಡು ಸಲ ಆಪರೇಷನ್ ಯಾಕೆ? ಮಾತ್ರೆ ತಗೊಂಡು ಹತ್ತು ವರ್ಷ ತಳ್ಳಿ, ಆಮೇಲೆ ಮಂಡಿಯನ್ನೇ ಬದಲಿಸೋಣ' ಅಂದರು. ಇನ್ನೊಬ್ಬರು, ಊರು ಬೇಡ ಬಿಡಿ, 'ಪಕ್ಕದ ಸಣ್ಣ ಮೂಳೆಯಲ್ಲಿ ಒಂದು ತುಂಡು ತೆಗೆದರೆ ಸಾಕು, ಮಾರನೇ ದಿನ ನಡೆಸಿ ಕಳಿಸುತ್ತೇನೆ' ಅಂದರು. ಈ ಕೊನೆಯದು ಕೇಳಲು ಬಹಳ ಚೆನ್ನಾಗಿದೆ. ಅದಕ್ಕೇ ಅನುಮಾನ.

ಮಾಡಿಸಿಕೊಂಡವರು ಹೇಳಿ. ಎಷ್ಟು ವರ್ಷ ಬಾಳಿಕೆ ಬಂತು? ನೆಲದ ಮೇಲೆ ಕೂರಲು ಆಗುತ್ತದಾ? ನನಗೆ ಅದೇ ಮುಖ್ಯ, ಅಡಿಕೆ ಸುಲಿಯುವ ಮನೆ ನಮ್ಮದು.

ಪಿಟಿ ಮೇಷ್ಟ್ರು, ಮಂಡ್ಯ

ನಾನು ಮಾಡಿಸಿಕೊಂಡವನು. 2018ರಲ್ಲಿ, ಆಗ ನನಗೆ 51. ಎಡಗಾಲು.

ಆಪರೇಷನ್ ದೊಡ್ಡ ವಿಷಯ ಅಲ್ಲ. ಆಮೇಲಿನ ಎರಡು ತಿಂಗಳು ದೊಡ್ಡದು. ಆರು ವಾರ ವಾಕರ್. 'ಕಾಲು ಊರಿ, ಆದರೆ ಪೂರ್ತಿ ಭಾರ ಬಿಡಬೇಡಿ' ಅಂದಿದ್ದರು. ಎಷ್ಟು ಬಿಟ್ಟರೆ ಪೂರ್ತಿ, ಎಷ್ಟು ಬಿಟ್ಟರೆ ಅರ್ಧ? ಕೊನೆಗೆ ಮನೆಯಲ್ಲಿದ್ದ ತೂಕದ ಮಷಿನ್ ಮೇಲೆ ಕಾಲಿಟ್ಟು, ಮುಳ್ಳು 20 ಕೆಜಿ ತೋರಿಸುವವರೆಗೆ ಒತ್ತಿ ಅಭ್ಯಾಸ ಮಾಡಿದೆ. ಮೂರನೇ ತಿಂಗಳಿಗೆ ಕೋಲು ಬಿಟ್ಟೆ. ಆರನೇ ತಿಂಗಳಿಗೆ ಮೈದಾನದಲ್ಲಿ ಸೀಟಿ ಊದುತ್ತಾ ನಿಂತೆ. ಓಡುವುದನ್ನು ಮಾತ್ರ ಬಿಟ್ಟಿದ್ದೇನೆ.

ಕಿರಿಕಿರಿ ಎರಡು. ಒಂದು, ಪ್ಲೇಟು. ಚರ್ಮದ ಕೆಳಗೇ ಇರುತ್ತದೆ, ಒಳಮಗ್ಗುಲಲ್ಲಿ. ಮಗ್ಗುಲಾಗಿ ಮಲಗಿದರೆ ಇನ್ನೊಂದು ಮಂಡಿ ಅದಕ್ಕೆ ತಾಗಿ ಎಚ್ಚರ ಆಗುತ್ತಿತ್ತು. ಒಂದೂವರೆ ವರ್ಷಕ್ಕೆ ತೆಗೆಸಿದೆ. ಅಂದರೆ ಇನ್ನೊಂದು ಅಡ್ಮಿಷನ್, ಇನ್ನೊಂದು ಬಿಲ್ಲು. ಇದನ್ನು ಯಾರೂ ಮೊದಲೇ ಹೇಳಿರಲಿಲ್ಲ. ಇನ್ನೊಂದು, ನೋಟ. ಆಪರೇಷನ್ ಆದ ಕಾಲು ಈಗ ಸ್ವಲ್ಪ ಒಳಗೆ ವಾಲಿದೆ, ಬಲಗಾಲು ಹಳೆಯ ಹಾಗೇ ಹೊರಗೆ ಬಾಗಿದೆ. ಪಂಚೆ ಉಟ್ಟರೆ ಗೊತ್ತಾಗುವುದಿಲ್ಲ. ಟ್ರ್ಯಾಕ್ ಪ್ಯಾಂಟ್ ಹಾಕಿದರೆ 'ಸಾರ್, ನಿಮ್ಮ ಎರಡು ಕಾಲೂ ಒಂದೇ ದಿಕ್ಕಿಗೆ ಗಾಳಿ ಹೊಡೆದ ಹಾಗಿದೆ' ಅಂತ ಹುಡುಗರು ನಗುತ್ತಾರೆ.

ನೋವು ಪೂರ್ತಿ ಹೋಗಿಲ್ಲ. ಹತ್ತಕ್ಕೆ ಏಳು ಇದ್ದದ್ದು ಎರಡಕ್ಕೆ ಇಳಿದಿದೆ. ಪಂಕ್ತಿಯಲ್ಲಿ ಚಕ್ಕಳಮಕ್ಕಳ ಹಾಕಿ ಕೂರುತ್ತೇನೆ. ಏಳುವಾಗ ಪಕ್ಕದವರ ಭುಜ ಬೇಕು. ಅದು ಮೊದಲೂ ಬೇಕಿತ್ತು.

ಬಿಸಿನೀರು ರಾಯರು

ಕತ್ತಿ ಹಾಕಿಸಬೇಡಿ. ಎಳ್ಳೆಣ್ಣೆ ಬಿಸಿ ಮಾಡಿ ರಾತ್ರಿ ಹಚ್ಚಿ, ಎಕ್ಕದ ಎಲೆ ಕಟ್ಟಿ.

ತೋಟದಮನೆ

ರಾಯರೇ, ನಾಲ್ಕು ವರ್ಷದಿಂದ ಹಚ್ಚುತ್ತಿದ್ದೇನೆ. ಮಂಡಿ ಫಳಫಳ ಹೊಳೆಯುತ್ತದೆ, ನೋವು ಇದ್ದಲ್ಲೇ ಇದೆ.

ಮೂಳೆ ಡಾಕ್ಟ್ರು

ಸರ್ಕಾರಿ ಆಸ್ಪತ್ರೆಯ ಮೂಳೆ ವಿಭಾಗದಲ್ಲಿದ್ದೇನೆ. ಎಕ್ಸ್‌ರೇ ನೋಡದೆ 'ನೀವು ಇದನ್ನೇ ಮಾಡಿಸಿ' ಅನ್ನುವುದಿಲ್ಲ. ವಿಷಯ ಏನು ಅಂತ ಹೇಳುತ್ತೇನೆ.

ನಿಮ್ಮ ಕಡೆ ಎರಡು ಅಡಿಕೆ ಮರ ಹಾಸಿ ಸಂಕ ಹಾಕುತ್ತಾರಲ್ವಾ. ದಿನಾ ಒಂದೇ ಮರದ ಮೇಲೆ ಕಾಲಿಟ್ಟು ದಾಟಿದರೆ ಆ ಮರವೇ ಮೊದಲು ಹೋಗುತ್ತದೆ. ಸೊಂಟದ ಕೀಲಿನ ನಡುವಿನಿಂದ ಪಾದದ ಗಿಣ್ಣಿನ ನಡುವಿಗೆ ಒಂದು ದಾರ ಎಳೆಯಿರಿ. ನೇರ ಕಾಲಿನಲ್ಲಿ ಅದು ಮಂಡಿಯ ಮಧ್ಯೆ ಹಾಯುತ್ತದೆ. ಬಾಗಿದ ಕಾಲಿನಲ್ಲಿ ಒಳಮಗ್ಗುಲಿಗೆ ಸರಿಯುತ್ತದೆ. ನೇರ ಕಾಲಿನಲ್ಲೇ ನಡೆಯುವಾಗ ಒಳಮಗ್ಗುಲಿಗೆ ಭಾರ ಜಾಸ್ತಿ, ಬಾಗಿದರೆ ಕೇಳುವುದೇ ಬೇಡ. ಮಂಡಿ ಸವೆತ ಇದ್ದ 230 ಜನರನ್ನು ಹದಿನೆಂಟು ತಿಂಗಳು ಗಮನಿಸಿದ ಅಮೆರಿಕದ ಒಂದು ಅಧ್ಯಯನ 2001ರಲ್ಲಿ ಬಂತು. ಹೀಗೆ ಹೊರಗೆ ಬಾಗಿದ ಕಾಲಿನಲ್ಲಿ ಒಳಮಗ್ಗುಲ ಸವೆತ ಮುಂದುವರಿಯುವ ಸಂಭವ ಸುಮಾರು ನಾಲ್ಕು ಪಟ್ಟು ಇತ್ತು.

ಎಚ್‌ಟಿಒ ಸವೆದದ್ದನ್ನು ಸರಿ ಮಾಡುವ ಆಪರೇಷನ್ ಅಲ್ಲ. ಆ ದಾರವನ್ನು ಚೆನ್ನಾಗಿರುವ ಹೊರಮಗ್ಗುಲ ಕಡೆ ಸರಿಸುವ ಆಪರೇಷನ್. ಆದ್ದರಿಂದ ಹೊರಮಗ್ಗುಲು ನಿಜವಾಗಿ ಚೆನ್ನಾಗಿರಬೇಕು. ಅಲ್ಲೂ ಸವೆದಿದ್ದರೆ, ಅಥವಾ ರುಮಟಾಯ್ಡ್, ಅಂದರೆ ಹಲವು ಕೀಲುಗಳಿಗೆ ಬರುವ ಉರಿಯೂತದ ವಾತ ಇದ್ದರೆ, ಬೇಡ.

ಈಗ ಬಾಳಿಕೆ. ಇದನ್ನು ಜನಪ್ರಿಯ ಮಾಡಿದವರು ಅಮೆರಿಕದ ಮೇಯೊ ಕ್ಲಿನಿಕ್‌ನ ಮಾರ್ಕ್ ಕಾವೆಂಟ್ರಿ, 1960ರ ದಶಕದಲ್ಲಿ. ಅವರು ಹೊರಮಗ್ಗುಲಿಂದ ಬೆಣೆಯಾಕಾರದ ಮೂಳೆ ತೆಗೆದು ಮುಚ್ಚುತ್ತಿದ್ದರು. 1993ರಲ್ಲಿ ತಮ್ಮದೇ ಲೆಕ್ಕ ಬರೆದರು: ಐದು ವರ್ಷಕ್ಕೆ ಶೇ. 87 ಉಳಿದಿವೆ, ಹತ್ತು ವರ್ಷಕ್ಕೆ ಶೇ. 66. ಆದರೆ ತೂಕ ಬಹಳ ಜಾಸ್ತಿ ಇದ್ದು, ಕಾಲೂ ಸಾಕಷ್ಟು ತಿರುಗದೇ ಹೋದವರಲ್ಲಿ ಹತ್ತು ವರ್ಷಕ್ಕೆ ಉಳಿದದ್ದು ಶೇ. 19 ಮಾತ್ರ. ಆಪರೇಷನ್ ಅದೇ, ಮಾಡಿದವರೂ ಅವರೇ. ಒಂದು ಕಡೆ 66, ಇನ್ನೊಂದು ಕಡೆ 19.

ಈಗ ಜಾಸ್ತಿ ಮಾಡುವುದು ಒಳಮಗ್ಗುಲಿಂದ ಕೊಯ್ದು, ಪುಸ್ತಕ ತೆರೆದ ಹಾಗೆ ಬಿಡಿಸಿ, ಲಾಕಿಂಗ್ ಪ್ಲೇಟು ಹಾಕುವುದು. ಕೆನಡಾದ ಆಂಟಾರಿಯೊ ಪ್ರಾಂತ್ಯದ ಲಂಡನ್ ಊರಿನವರು 2021ರಲ್ಲಿ 556 ಜನರ 643 ಮಂಡಿಗಳ ಲೆಕ್ಕ ಕೊಟ್ಟರು. ಐದು ವರ್ಷದೊಳಗೆ ಮಂಡಿ ಬದಲಿಸಿಕೊಂಡದ್ದು ಶೇ. 5, ಹತ್ತು ವರ್ಷದೊಳಗೆ ಶೇ. 21. ಅಂದರೆ ಶೇ. 79 ಮಂಡಿಗಳು ಹತ್ತು ವರ್ಷ ದಾಟಿದವು.

ಲೆಕ್ಕಿಗ

ಡಾಕ್ಟ್ರೇ, ಒಂದು ಅಡ್ಡ ಪ್ರಶ್ನೆ. ಆ 79 ಅಂದರೆ ಏನು? ನೋವಿಲ್ಲದೆ ಓಡಾಡುವವರಾ, ಅಥವಾ ಇನ್ನೂ ಮಂಡಿ ಬದಲಿಸಿಕೊಳ್ಳದವರಾ? ನಮ್ಮ ದೊಡ್ಡಮ್ಮನಿಗೆ ಎರಡೂ ಮಂಡಿ ಹೋಗಿವೆ. ಹದಿನೈದು ವರ್ಷದಿಂದ ಗೋಡೆ ಹಿಡಿದು ನಡೆಯುತ್ತಾರೆ. ಆಪರೇಷನ್ ಅಂದರೆ ಹೆದರಿಕೆ, ಮಾಡಿಸಿಲ್ಲ. ನಿಮ್ಮ ಪಟ್ಟಿಯಲ್ಲಿ ಅವರದ್ದೂ 'ಉಳಿದ ಮಂಡಿ' ಆಗುತ್ತದೆ ಅಲ್ವಾ?

ಮೂಳೆ ಡಾಕ್ಟ್ರು

ಸರಿಯಾಗಿ ಹಿಡಿದಿರಿ. ಎರಡನೆಯದೇ. ಮಂಡಿ ಬದಲಿಸಿದರೆ ಸೋಲು, ಬದಲಿಸದಿದ್ದರೆ ಗೆಲುವು ಅಂತ ಎಣಿಸುತ್ತಾರೆ. ಎಣಿಸಲು ಸುಲಭ, ಅದಕ್ಕೆ. ಕೆನಡಾದಲ್ಲಿ ಮಂಡಿ ಬದಲಿಗೆ ರೋಗಿ ಕೈಯಿಂದ ದುಡ್ಡು ಕೊಡಬೇಕಿಲ್ಲ. ಹಾಗಾಗಿ ನೋವು ಜಾಸ್ತಿ ಆದವರು ಸಾಲಿನಲ್ಲಿ ಕಾದಾದರೂ ಮಾಡಿಸಿಕೊಳ್ಳುತ್ತಾರೆ, ಲೆಕ್ಕಕ್ಕೆ ಸಿಗುತ್ತಾರೆ. ನಮ್ಮಲ್ಲಿ ದುಡ್ಡಿಲ್ಲದೆ, ಮನೆಯಲ್ಲಿ ನೋಡಿಕೊಳ್ಳುವವರಿಲ್ಲದೆ, ಹೆದರಿ ಕೂತವರೂ 'ಗೆದ್ದವರ' ಪಟ್ಟಿಗೆ ಸೇರಿಬಿಡುತ್ತಾರೆ. ಭಾರತದಲ್ಲಿ ಯಾರಾದರೂ 'ನಮ್ಮಲ್ಲಿ ಶೇ. 95 ಸಕ್ಸೆಸ್' ಅಂದರೆ, ಎಷ್ಟು ಜನರನ್ನು ಹತ್ತನೇ ವರ್ಷದಲ್ಲಿ ಕರೆದು ನೋಡಿದಿರಿ ಅಂತ ಕೇಳಿ.

ನೋವಿನ ಬಗ್ಗೆ: ಕಾಕ್ರೇನ್ ಸಂಸ್ಥೆಯವರು 2014ರಲ್ಲಿ 21 ಅಧ್ಯಯನ, 1065 ರೋಗಿಗಳ ಮಾಹಿತಿ ಒಟ್ಟು ಹಾಕಿ ನೋಡಿದರು. ನೋವು ಇಳಿಯುತ್ತದೆ, ಓಡಾಟ ಸುಧಾರಿಸುತ್ತದೆ ಅನ್ನುವುದು ಕಂಡಿತು. ಮುಚ್ಚುವ ಬೆಣೆ ಮೇಲೋ, ತೆರೆಯುವ ಬೆಣೆ ಮೇಲೋ ಅನ್ನುವಷ್ಟು ಆಧಾರ ಸಿಗಲಿಲ್ಲ.

ಹುಬ್ಬಳ್ಳಿ ಫಿಸಿಯೋ

ಓಡಾಟ ಸುಧಾರಿಸಿತು ಅನ್ನುವುದನ್ನು ಅಳೆಯುವುದು ಹೇಗೆ ಅಂತ ಗೊತ್ತಾ? ಒಂದು ಫಾರಂ ಕೊಡುತ್ತಾರೆ. ವೊಮ್ಯಾಕ್ ಅಂತ, ಅದೂ ಕೆನಡಾದ್ದೇ. ಸಾಕ್ಸ್ ಹಾಕಲು ಕಷ್ಟವಾ? ಸಾಕ್ಸ್ ಬಿಚ್ಚಲು? ಬಾತ್‌ಟಬ್‌ಗೆ ಇಳಿಯಲು? ಕಾರು ಹತ್ತಲು? ನಮ್ಮ ಹಳ್ಳಿಯ ಅಜ್ಜಿಗೆ ಇದನ್ನು ಓದಿ ಹೇಳಿದರೆ ನನ್ನ ಮುಖ ನೋಡುತ್ತಾಳೆ. ಕುಕ್ಕರುಗಾಲಲ್ಲಿ ಕೂರುವುದು, ಚಕ್ಕಳಮಕ್ಕಳ ಹಾಕುವುದು, ನೆಲದಿಂದ ಏಳುವುದು ಒಂದೂ ಅದರಲ್ಲಿ ಇಲ್ಲ. ಕೂಸ್ ಅಂತ ಇನ್ನೊಂದು ಫಾರಂ ಇದೆ, ಹೆಸರು ಕೇಳಿ ನಗಬೇಡಿ. ಅದರಲ್ಲಿ ಕುಕ್ಕರುಗಾಲು, ಮಂಡಿಯೂರುವುದು ಇವೆ. ಆದರೆ ಆಟೋಟದ ಪಟ್ಟಿಯಲ್ಲಿ!

ಹಾಗಾಗಿ ತೋಟದಮನೆ ಅಣ್ಣ, ನೆಲದ ಮೇಲೆ ಕೂರುವ ಬಗ್ಗೆ ಅಂಕಿ ಅಂಶ ಹುಡುಕಿದರೆ ನಿರಾಸೆ ಆಗುತ್ತದೆ. ನನ್ನ ಕೈಯಲ್ಲಿ ವ್ಯಾಯಾಮ ಮಾಡಿದವರಲ್ಲಿ ಕಂಡದ್ದು ಹೇಳುತ್ತೇನೆ. ಆಪರೇಷನ್‌ಗೆ ಮೊದಲು ಮಂಡಿ ಪೂರ್ತಿ ಮಡಚುತ್ತಿದ್ದವರಿಗೆ ಆಮೇಲೂ ಹೆಚ್ಚುಕಡಿಮೆ ಅಷ್ಟು ಬರುತ್ತದೆ. ಕೀಲು ನಿಮ್ಮದೇ ಇರುತ್ತದೆ ನೋಡಿ, ಒಳಗೆ ಯಾರೂ ಕೈ ಹಾಕಿರುವುದಿಲ್ಲ. ಮೊದಲೇ ಮಡಚದ ಮಂಡಿ ಇದರಿಂದ ಮಡಚಲು ಶುರು ಮಾಡುವುದಿಲ್ಲ. ಮಂಡಿ ಬದಲಿಸಿದವರಿಗೆ ನೆಲದ ಮೇಲೆ ಕೂರಬೇಡಿ ಅಂತಲೇ ನಮ್ಮ ಕಡೆ ಬಹಳ ಸರ್ಜನ್‌ಗಳು ಹೇಳಿ ಕಳಿಸುತ್ತಾರೆ. ನಿಮಗೆ ಇದೇ ದೊಡ್ಡ ವ್ಯತ್ಯಾಸ.

ಈಗಿನಿಂದಲೇ ತೊಡೆಯ ಸ್ನಾಯು ಗಟ್ಟಿ ಮಾಡಿ. ಆಪರೇಷನ್ ಮಾಡಿಸಿ, ಬಿಡಿ, ಅದು ಬೇಕೇ ಬೇಕು. ಮೂರು ತಿಂಗಳು ಸರಿಯಾಗಿ ಮಾಡಿ, ನೋವು ಕಮ್ಮಿ ಆಗಿ 'ಆಪರೇಷನ್ ಬೇಡ ಮೇಡಂ' ಅಂತ ಹೋದವರೂ ಇದ್ದಾರೆ.

ದಾವಣಗೆರೆ ಅಕ್ಕ

ಮೂರನೇ ಡಾಕ್ಟರ ಮಾತಿಗೆ ನಾನು ಹೇಳುತ್ತೇನೆ. ನಮ್ಮ ಯಜಮಾನರಿಗೆ ಅದೇ ಸಣ್ಣ ಮೂಳೆ ಕೊಯ್ಯುವ ಆಪರೇಷನ್ ಆಯಿತು. ಆಸ್ಪತ್ರೆ ಹೆಸರು ಬೇಡ. ಒಂದು ಗಂಟೆಯೂ ಹಿಡಿಯಲಿಲ್ಲ, ಮಾರನೇ ದಿನ ನಿಜವಾಗಲೂ ನಡೆದರು. ಎರಡು ತಿಂಗಳು ನೋವು ಕಮ್ಮಿ ಇತ್ತು, ಊರಿಗೆಲ್ಲ ಹೇಳಿಕೊಂಡು ಬಂದರು. ಆಮೇಲೆ ವಾಪಸ್ ಬಂತು. ಅದಕ್ಕಿಂತ ಬೇಜಾರು ಹೆಬ್ಬೆರಳು. ಆವತ್ತಿನಿಂದ ಕಾಲಿನ ಹೆಬ್ಬೆರಳು ಮೇಲೆ ಎತ್ತಲು ಆಗುತ್ತಿಲ್ಲ. ಹವಾಯಿ ಚಪ್ಪಲಿ ಹಾಕಿದರೆ ಎಡವುತ್ತಾರೆ. ಕೇಳಿದರೆ 'ನರಕ್ಕೆ ಸ್ವಲ್ಪ ಎಳೆತ ಆಗಿದೆ, ಸರಿ ಹೋಗುತ್ತದೆ' ಅಂದರು. ಎರಡು ವರ್ಷ ಆಯಿತು.

ಮೂಳೆ ಡಾಕ್ಟ್ರು

ಅಕ್ಕಾ, ಬೇಜಾರಾಯಿತು. ಒಮ್ಮೆ ನರದ ಪರೀಕ್ಷೆ ಮಾಡಿಸಿ. ಪಾದಕ್ಕೆ ಹಾಕುವ ಸ್ಪ್ಲಿಂಟ್ ಸಿಗುತ್ತದೆ, ಎಡವುವುದು ತಪ್ಪುತ್ತದೆ.

ಈ ವಿಧಾನ ಬಂದದ್ದು ಚೀನಾದ ಹೆಬೈ ಪ್ರಾಂತ್ಯದಿಂದ. 2015ರ ಹೊತ್ತಿಗೆ ಪ್ರಕಟವಾಯಿತು, ಆಮೇಲೆ ನಮ್ಮಲ್ಲೂ ಸಾಕಷ್ಟು ಹಬ್ಬಿತು. ಹೊರಮಗ್ಗುಲಿನ ಸಣ್ಣ ಮೂಳೆ ಊರುಗೋಲಿನ ಹಾಗೆ ಆಸರೆ ಕೊಡುತ್ತದೆ, ಅದಕ್ಕೇ ಒಳಮಗ್ಗುಲು ಮಾತ್ರ ಕುಸಿಯುತ್ತದೆ, ಆಸರೆ ತೆಗೆದರೆ ಎರಡೂ ಸಮ ಆಗುತ್ತವೆ ಅನ್ನುವುದು ಅವರ ವಾದ. ಸಣ್ಣ ಮೂಳೆಯ ತಲೆಯಿಂದ 6-10 ಸೆಂಮೀ ಕೆಳಗೆ ಸುಮಾರು 2 ಸೆಂಮೀ ತುಂಡು ತೆಗೆಯುತ್ತಾರೆ. ಪ್ಲೇಟು ಇಲ್ಲ, ಖರ್ಚು ಕಮ್ಮಿ. ಆದರೆ ದೊಡ್ಡ ಮೂಳೆಯ ಬಾಗು ಹಾಗೇ ಉಳಿಯುತ್ತದೆ. ಪಾದ, ಬೆರಳು ಎತ್ತುವ ನರಗಳು ಅಲ್ಲೇ ಹಾದು ಹೋಗುತ್ತವೆ. ದೀರ್ಘ ಕಾಲದ ಒಳ್ಳೆಯ ಪುರಾವೆ ಎಚ್‌ಟಿಒಗೆ ಇರುವಷ್ಟು ಇದಕ್ಕಿಲ್ಲ. ನಾನು ಮಾಡುವುದಿಲ್ಲ. ಮಾಡುವವರು ಬಂದು ನನ್ನ ಜೊತೆ ಜಗಳ ಆಡಬಹುದು.

ಸಿಂಧನೂರು

ನಮ್ಮ ಅಣ್ಣನಿಗೆ ಎಚ್‌ಟಿಒನೇ ಕೈ ಕೊಟ್ಟಿತು. ಬಿಡಿಸಿದ ಜಾಗದಲ್ಲಿ ಮೂಳೆ ತುಂಬಲೇ ಇಲ್ಲ. ಒಂಬತ್ತು ತಿಂಗಳು ಕೋಲು. ಕೊನೆಗೆ ಸೊಂಟದಿಂದ ಮೂಳೆ ತೆಗೆದು ತುಂಬಿದರು. ಆಮೇಲೆ ಗೊತ್ತಾಯಿತು, ಬೀಡಿ ಬಿಡಿ ಅಂತ ಮೊದಲೇ ಹೇಳಿದ್ದರಂತೆ. ಅಣ್ಣ ನಮಗೆ ಹೇಳಿರಲಿಲ್ಲ, ಬಿಟ್ಟೂ ಇರಲಿಲ್ಲ. ಆಸ್ಪತ್ರೆಯ ಹಿಂದಿನ ಅಂಗಡಿಯಿಂದಲೇ ತರಿಸುತ್ತಿದ್ದ.

ಮೂಳೆ ಡಾಕ್ಟ್ರು

ಹೊಗೆ ಸೇದುವವರಲ್ಲಿ ಮೂಳೆ ಕೂಡುವುದು ನಿಧಾನ, ಕೆಲವರಲ್ಲಿ ಕೂಡುವುದೇ ಇಲ್ಲ. ಬಿಟ್ಟು ಬಂದ ಮೇಲೆಯೇ ದಿನ ಕೊಡುವವರು ಇದ್ದಾರೆ, ನಾನೂ ಅದೇ ಪಂಗಡ.

ಉಳಿದ ತೊಂದರೆಗಳನ್ನೂ ಹೇಳಿಬಿಡುತ್ತೇನೆ. ಸೋಂಕು, ಕಾಲಿನ ರಕ್ತನಾಳದಲ್ಲಿ ಗಡ್ಡೆ, ಇವು ಯಾವ ಕಾಲಿನ ಆಪರೇಷನ್‌ಗೂ ಇವೆ. ಇದರದ್ದೇ ಅಂದರೆ ಹಿಂಜ್ ಮುರಿಯುವುದು. ಮೂಳೆಯನ್ನು ಪೂರ್ತಿ ಕೊಯ್ಯುವುದಿಲ್ಲ. ಹೊರಮಗ್ಗುಲಲ್ಲಿ ಒಂದು ಸೆಂಟಿಮೀಟರಿನಷ್ಟು ಬಿಟ್ಟು, ಬಾಗಿಲ ಹಿಂಜಿನ ಹಾಗೆ ಅದರ ಮೇಲೆ ತಿರುಗಿಸುತ್ತಾರೆ. ಅದು ಬಿರುಕು ಬಿಟ್ಟರೆ ಕೂಡುವುದು ತಡ, ಕೋನವೂ ಜರುಗುತ್ತದೆ.

ಈ ಕೋನದ ವಿಷಯ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಫಲಿತಾಂಶ ನಿಂತಿರುವುದೇ ಇದರ ಮೇಲೆ. ಮಂಡಿಯ ಅಗಲವನ್ನು ಒಳ ಅಂಚು ಸೊನ್ನೆ, ಹೊರ ಅಂಚು ನೂರು ಅಂತ ಅಳೆಯಿರಿ. ದಾರ 62ರ ಹತ್ತಿರ ಹಾಯಬೇಕು ಅನ್ನುವುದು ಹಳೆಯ ಗುರಿ. 1979ರಲ್ಲಿ ಜಪಾನಿನ ಫುಜಿಸಾವಾ ಅವರ ಬರಹದಿಂದ ಬಂದದ್ದು, ಈಗಲೂ ಅವರ ಹೆಸರಲ್ಲೇ ಕರೆಯುತ್ತೇವೆ. ಸವೆತ ಕಮ್ಮಿ ಇದ್ದರೆ ಈಗ 50-60ರ ನಡುವೆ ನಿಲ್ಲಿಸುವವರೂ ಇದ್ದಾರೆ. ಕಮ್ಮಿ ತಿರುಗಿಸಿದರೆ ನೋವು ವಾಪಸ್. ಜಾಸ್ತಿ ತಿರುಗಿಸಿದರೆ ಚೆನ್ನಾಗಿದ್ದ ಹೊರಮಗ್ಗುಲು ಹಾಳು, ಕಾಲೂ ವಿಕಾರ.

'ಒಂದು ಮಿಲಿಮೀಟರ್ ಬಿಡಿಸಿದರೆ ಒಂದು ಡಿಗ್ರಿ' ಅಂತ ಹಳೆಯ ಕೈಲೆಕ್ಕ ಇದೆ. ಕೊಯ್ಯುವ ಜಾಗದಲ್ಲಿ ಮೂಳೆ 56 ಮಿಮೀ ಅಗಲ ಇದ್ದರೆ ಮಾತ್ರ ಅದು ಸರಿ. ನಮ್ಮ ಹೆಂಗಸರ ಮೂಳೆ ಸಣ್ಣದು. 48 ಮಿಮೀ ಅಗಲದ ಮೂಳೆಯಲ್ಲಿ 10 ಮಿಮೀ ಬಿಡಿಸಿದರೆ 10 ಡಿಗ್ರಿ ಅಲ್ಲ, ಹತ್ತಿರ ಹತ್ತಿರ 12 ಆಗುತ್ತದೆ. ಆದ್ದರಿಂದ ಸೊಂಟದಿಂದ ಪಾದದವರೆಗೆ ನಿಲ್ಲಿಸಿ ತೆಗೆದ ಉದ್ದ ಎಕ್ಸ್‌ರೇ, ಸ್ಕ್ಯಾನೋಗ್ರಾಮ್ ಅನ್ನುತ್ತೇವಲ್ಲ, ಅದರ ಮೇಲೆ ಗೆರೆ ಎಳೆದು ಲೆಕ್ಕ ಹಾಕಬೇಕು. ಅದಿಲ್ಲದೆ ಎಚ್‌ಟಿಒ ಮಾಡುತ್ತೇನೆ ಅಂದರೆ ಎದ್ದು ಬನ್ನಿ.

ತೋಟದಮನೆ

ನನಗೆ ಮಲಗಿಸಿ, ಮಂಡಿ ಮಾತ್ರ ತೆಗೆದಿದ್ದರು. ಉದ್ದದ್ದು ತೆಗೆಸಿಲ್ಲ. ಮಂಗಳೂರಿನವರ ಮಾತಿಗೆ ಏನು ಹೇಳುತ್ತೀರಿ?

ಮೂಳೆ ಡಾಕ್ಟ್ರು

ಅವರು ಹೇಳಿದ್ದು ತಪ್ಪಲ್ಲ. ಮಂಡಿ ಬದಲಿ ಬಹಳ ಒಳ್ಳೆಯ ಆಪರೇಷನ್. 25 ವರ್ಷಕ್ಕೂ ಸುಮಾರು ಶೇ. 82 ಉಳಿದಿರುತ್ತವೆ ಅಂತ 2019ರಲ್ಲಿ ಲೆಕ್ಕ ಬಂತು. ಬದಲಿ ಮಂಡಿಯ ಬೆಲೆಗೂ 2017ರ ಆಗಸ್ಟ್‌ನಲ್ಲಿ ಕೇಂದ್ರ ಮಿತಿ ಹಾಕಿತು, ಸಾಮಾನ್ಯ ಕೋಬಾಲ್ಟ್ ಕ್ರೋಮಿಯಂದು ತೆರಿಗೆ ಬಿಟ್ಟು 54,720 ರೂಪಾಯಿ ಅಂತ ಇಟ್ಟರು. ತೊಂದರೆ ವಯಸ್ಸಿನದ್ದು. ಬ್ರಿಟನ್ನಿನ ಲೆಕ್ಕದಲ್ಲಿ, 70 ದಾಟಿ ಬದಲಿಸಿಕೊಂಡವರಿಗೆ ಬದುಕಿರುವಾಗ ಮತ್ತೆ ಆಪರೇಷನ್ ಬೇಕಾಗುವ ಸಂಭವ ಶೇ. 5ರಷ್ಟು. ಐವತ್ತರ ಆರಂಭದಲ್ಲಿ ಮಾಡಿಸಿಕೊಂಡ ಗಂಡಸರಿಗೆ ಅದೇ ಶೇ. 35. ಅದಕ್ಕೇ ಅವರು 'ತಳ್ಳಿ' ಅಂದದ್ದು. ಪ್ರಶ್ನೆ ಇಷ್ಟೇ: ಆ ಹತ್ತು ವರ್ಷ ಮಾತ್ರೆ ನುಂಗಿ ತಳ್ಳುತ್ತೀರೋ, ಕಾಲು ನೆಟ್ಟಗೆ ಮಾಡಿಸಿ ತಳ್ಳುತ್ತೀರೋ. ದಿನಾ ನೋವಿನ ಮಾತ್ರೆ ಹತ್ತು ವರ್ಷ ಅಂದರೆ ಕಿಡ್ನಿಯನ್ನೂ ಒಂದು ಮಾತು ಕೇಳಬೇಕು. ಎಚ್‌ಟಿಒ ಆದ ಮೇಲೆ ಮಂಡಿ ಬದಲಿಸಬಹುದು. ಸರ್ಜನ್‌ಗೆ ಸ್ವಲ್ಪ ಕಷ್ಟ, ಅಷ್ಟೇ.

ಟೊರೊಂಟೊ ಚಳಿ

ಇಲ್ಲಿ ನನ್ನ ಸಹೋದ್ಯೋಗಿಗೆ ಆಗಿದೆ, ಐದು ವರ್ಷವಾಯಿತು, ಹಿಮದಲ್ಲಿ ಸ್ಕೀ ಮಾಡುತ್ತಾನೆ. ಆಪರೇಷನ್‌ಗೆ ಮೊದಲು ಕಾದದ್ದು ಮಾತ್ರ ಒಂದು ವರ್ಷದ ಮೇಲೆ. ನಿಮಗೆ ಮುಂದಿನ ವಾರವೇ ದಿನ ಸಿಗುತ್ತದಲ್ಲ, ಅದು ಒಳ್ಳೆಯದೋ ಕೆಟ್ಟದ್ದೋ ಗೊತ್ತಿಲ್ಲ.

ತೋಟದಮನೆ

ಮೂರು ವಾರ ಆದ ಮೇಲೆ ಬರೆಯುತ್ತಿದ್ದೇನೆ. ಸ್ಕ್ಯಾನೋಗ್ರಾಮ್ ತೆಗೆಸಿದೆ. ದಾರ 12ರಲ್ಲಿ ಹಾಯುತ್ತಿದೆ. ಹೊರಮಗ್ಗುಲು ಚೆನ್ನಾಗಿದೆ ಅಂದರು. ಸುಮಾರು 10 ಡಿಗ್ರಿ ತಿರುಗಿಸಬೇಕಂತೆ. ಶಿವಮೊಗ್ಗದವರಿಗೆ 'ಹತ್ತು ವರ್ಷದ ಹಿಂದೆ ಮಾಡಿದವರು ಈಗ ಹೇಗಿದ್ದಾರೆ' ಅಂತ ಕೇಳಿದೆ. ಸಿಟ್ಟಾಗುತ್ತಾರೆ ಅಂದುಕೊಂಡಿದ್ದೆ. 'ನಾನು ಶುರು ಮಾಡಿಯೇ ಏಳು ವರ್ಷ' ಅಂದರು, ಇಬ್ಬರ ನಂಬರು ಕೊಟ್ಟರು. ಒಬ್ಬರು ಖುಷಿಯಾಗಿದ್ದಾರೆ. ಇನ್ನೊಬ್ಬರು ನೋವು ಅರ್ಧ ಹೋಗಿದೆ, ಪ್ಲೇಟು ತೆಗೆಸಬೇಕು ಅಂದರು. ಅವರು ಅರ್ಧ ಅಂದದ್ದೇ ನನಗೆ ಧೈರ್ಯ ಕೊಟ್ಟಿತು.

ಕೊಯ್ಲು ಮುಗಿಯಲಿ. ಶಿವರಾತ್ರಿ ಕಳೆದು ಮಾಡಿಸಿದರೆ, ಮಳೆ ಹಿಡಿದು ಔಷಧಿ ಹೊಡೆಸುವ ಹೊತ್ತಿಗೆ ಕೋಲು ಹಿಡಿದಾದರೂ ತೋಟಕ್ಕೆ ಇಳಿಯಬಹುದಾ ಮೇಡಂ?

ಹುಬ್ಬಳ್ಳಿ ಫಿಸಿಯೋ

ಇಳಿಯಬಹುದು, ಜಾರದ ಜಾಗಕ್ಕೆ ಮಾತ್ರ. ಪಾಚಿ ಕಟ್ಟಿದ ಮೆಟ್ಟಿಲು, ಸಂಕ ಈ ಮಳೆಗಾಲ ಬೇಡವೇ ಬೇಡ. ಮನೆಯಲ್ಲಿ ಕಮೋಡ್ ಇದೆಯಾ? ಮೊದಲ ಎರಡು ತಿಂಗಳು ಕುಕ್ಕರುಗಾಲಲ್ಲಿ ಕೂರುವ ಹಾಗಿಲ್ಲ.

ತೋಟದಮನೆ

ಇಲ್ಲ. ಹಿತ್ತಲಲ್ಲಿ ಹಳೆಯ ಕಾಲದ್ದು.

ಪಿಟಿ ಮೇಷ್ಟ್ರು, ಮಂಡ್ಯ

ನನ್ನ ಕಮೋಡ್ ಕುರ್ಚಿ, ವಾಕರ್ ಎರಡೂ ಅಟ್ಟದ ಮೇಲೆ ಇವೆ. ತೊಳೆಸಿ ಬಸ್ಸಿಗೆ ಹಾಕುತ್ತೇನೆ. ಶಿವಮೊಗ್ಗ ಸ್ಟ್ಯಾಂಡಿನಲ್ಲಿ ಇಳಿಸಿಕೊಳ್ಳಿ. ಬಲಗಾಲು ಮಾಡಿಸಲು ನನಗೂ ಹೇಳಿದ್ದಾರೆ, ಹಾಗಾಗಿ ಕೆಲಸ ಮುಗಿದ ಮೇಲೆ ವಾಪಸ್ ಬೇಕು.

ತೋಟದಮನೆ

ಆಗಲಿ ಮೇಷ್ಟ್ರೇ. ಜೊತೆಗೆ ಒಂದು ಡಬ್ಬ ಕೆಂಪಡಿಕೆಯೂ ಬರುತ್ತದೆ. ಡಾಕ್ಟ್ರಿಗೆ ಹೇಳಬೇಡಿ.